ಮೇಣವಿಲ್ಲದ ಬಟ್ಟಲು

ಬಹಳ ಹಿಂದೆ, ಈಗ ಯಾವ ನಕ್ಷೆಯಲ್ಲೂ ಸಿಗದ ಚಂದನವತಿ ಎಂಬ ರಾಜ್ಯದಲ್ಲಿ ಕೇತ ಎಂಬ ವಾದಕನಿದ್ದ. ಅವನು ವೀಣೆ ಕಟ್ಟುವವರ ಮನೆಯಲ್ಲಿ ಹುಟ್ಟಿದವನು. ಅವನ ಹೆಂಡತಿ ಜಕ್ಕಲೆ. ಕೇತ ನುಡಿಸುವಾಗ ಅವಳು ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ, "ನಿಮ್ಮ ಮೂರನೆಯ ತಂತಿ ಇಳಿದಿದೆ" ಎನ್ನುತ್ತಿದ್ದಳು. ಅವಳು ಹೇಳಿದ್ದು ಒಮ್ಮೆಯೂ ತಪ್ಪಾಗಿರಲಿಲ್ಲ.

ಆ ರಾಜ್ಯದ ಅಂಚಿನ ಬೆಟ್ಟದ ಮೇಲೆ ಮಿಡುಕ ಎಂಬ ಮಾಂತ್ರಿಕನಿದ್ದ. ಎಪ್ಪತ್ತು ವರ್ಷದಿಂದ ಅವನಿಗೆ ನಿದ್ದೆ ಬಂದಿರಲಿಲ್ಲ. ಲೋಕದ ಸದ್ದೇ ಅದಕ್ಕೆ ಕಾರಣ ಎಂದುಕೊಂಡು ಅವನು ಒಂದು ಮಂಜನ್ನು ಹೆಣೆದು ಬಿಟ್ಟ. ಮಂಜು ಸದ್ದನ್ನು ಕುಡಿಯಿತು. ಊರಿನಲ್ಲಿ ಮೂರು ಮೊಳ ದಾಟಿದ ಮಾತು ಕೇಳದಾಯಿತು. ಅಂದು ಬೆಟ್ಟಕ್ಕೆ ಸೌದೆಗೆ ಹೋಗಿದ್ದವರು ಅಲ್ಲೇ ದಾರಿ ತಪ್ಪಿದರು. ಆ ಮಂಜಿನೊಳಗೆ ಹಸಿವಿಲ್ಲ, ಮುಪ್ಪಿಲ್ಲ. ತಮ್ಮವರ ದನಿ ಕೇಳುವವರೆಗೆ ಅವರು ನಿಂತಲ್ಲೇ ನಿಂತಿರುತ್ತಾರೆ. ಅವರಲ್ಲಿ ಜಕ್ಕಲೆಯೂ ಇದ್ದಳು.

ಕೇತ ಬೆಟ್ಟದ ಬುಡದಲ್ಲಿ ನಿಂತು ಕೂಗಿದ. ಒಂದು ವರ್ಷ ದಿನವೂ ಕೂಗಿದ. ಅವನ ಗಂಟಲು ಒಡೆಯಿತು. ಅವನ ವೀಣೆಯ ನಾದ ಅವನ ಮಂಡಿಯನ್ನೂ ದಾಟಲಿಲ್ಲ. ಕೊನೆಗೆ ಕೂಗುವುದಕ್ಕೂ ಸಾಕಾಗಿ, ಅವನು ಕಾಡಂಚಿನ ಬಾಚವ್ವನ ಮನೆಗೆ ನಡೆದ. ವಾದ್ಯ ಮಾಡುವುದರಲ್ಲಿ ಅವಳಿಗೆ ಸಮಾನರಿರಲಿಲ್ಲ.

ಬಾಗಿಲಲ್ಲಿ ಒಂದು ಹುಲಿ ಮಲಗಿತ್ತು. ಕೇತ ಹೆದರಲಿಲ್ಲ. ಹೆದರುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

"ನೀನೂ ಹೆದರಲಿಲ್ಲ" ಎಂದು ಹುಲಿ ನಿಟ್ಟುಸಿರಿಟ್ಟಿತು. "ನನ್ನ ಗರ್ಜನೆಯನ್ನು ಮಂಜು ಕುಡಿದುಬಿಟ್ಟಿದೆ. ಮೊನ್ನೆ ಒಂದು ಮೇಕೆ ನನ್ನನ್ನು ಪಕ್ಕಕ್ಕೆ ತಳ್ಳಿ ನೀರು ಕುಡಿಯಿತು."

"ಸ್ವಲ್ಪ ಸರಿ ಹುಲಿಯಣ್ಣ, ಒಳಗೆ ಹೋಗಬೇಕು."

"ಆ ಮೇಕೆಯೂ ಹೀಗೇ ಹೇಳಿತು" ಎಂದು ಹುಲಿ ಸರಿಯಿತು.

ಬಾಚವ್ವ ಅವನ ಮಾತು ಕೇಳಿ ಮೂರು ಬಟ್ಟಲುಕಿನ್ನರಿಗಳನ್ನು ಚಾಪೆಯ ಮೇಲೆ ಇಟ್ಟಳು. ಬಟ್ಟಲುಕಿನ್ನರಿಗೆ ಆರು ತಂತಿ. ಅದರ ಹೊಟ್ಟೆಯೊಳಗೆ ಬಟ್ಟಲಿನಂಥ ತೆಳು ಲೋಹ, ಅದರ ನೆತ್ತಿಯ ಮೇಲೆ ತಂತಿಗಳನ್ನು ಹೊರುವ ಮರದ ಕುದುರೆ. ಬೆರಳು ಮಿಡಿದರೆ ತಂತಿ ಕುದುರೆಯನ್ನು ನಡುಗಿಸುತ್ತದೆ, ಕುದುರೆ ಬಟ್ಟಲನ್ನು ನಡುಗಿಸುತ್ತದೆ. ಮರವೊಂದೇ ಕೊಡಲಾರದ ದನಿಯನ್ನು ಆ ಬಟ್ಟಲು ಕೊಡುತ್ತದೆ.

"ಒಂದನ್ನು ಆರಿಸಿಕೋ ಮಗಾ. ನೆನಪಿರಲಿ, ಮಂಜನ್ನು ದಾಟಲು ಗಟ್ಟಿಯಾದ ಬರಿಯ ನಾದವೇ ಬೇಕು; ಮಂತ್ರ ಹಾಕಿದ ನಾದವನ್ನು ಮಿಡುಕ ತುಪ್ಪದ ಹಾಗೆ ನೆಕ್ಕಿಬಿಡುತ್ತಾನೆ."

ಮೊದಲನೆಯದಕ್ಕೆ ಚಿನ್ನದ ಬಳ್ಳಿ ಕೆತ್ತಿತ್ತು. ಕೇತ ಮುಟ್ಟುವ ಮೊದಲೇ ಅದು ತಾನಾಗಿ ನುಡಿಯಿತು. ಮಂತ್ರ ಹಾಕಿದ್ದೆಂದು ಅವನು ಅದನ್ನು ಮುಟ್ಟದೆ ಬಿಟ್ಟ. ಎರಡನೆಯದರ ಮೈಯೆಲ್ಲ ಉಕ್ಕು. ದನಿ ದೊಡ್ಡದು, ಆದರೆ ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ಜಕ್ಕಲೆಗೆ ಇದರಲ್ಲಿ ನನ್ನ ಬೆರಳಿನ ಗುರುತು ಸಿಗಲಾರದು ಎಂದುಕೊಂಡು ಅದನ್ನೂ ಬಿಟ್ಟ. ಮೂರನೆಯದು ಮಸಿ ಹಿಡಿದ ಹಲಸಿನ ಮರದ್ದು. ಅದರ ಬಟ್ಟಲು ಒಂದೆಡೆ ಬಿರಿದಿತ್ತು. ಕೇತ ಅದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ತಂತಿ ಹಾಯುವ ದಂಡಿಯ ಉದ್ದಕ್ಕೂ ನೋಡಿದ. ನೂಲು ಹಿಡಿದಷ್ಟು ನೇರವಾಗಿತ್ತು.

"ಇದೇ ಸಾಕು ಅವ್ವಾ. ಬಟ್ಟಲನ್ನು ಬದಲಾಯಿಸಬಹುದು, ಕುದುರೆಯನ್ನು ಬದಲಾಯಿಸಬಹುದು. ದಂಡಿ ಸೊಟ್ಟಗಿದ್ದರೆ ಮಾಡುವುದೇನೂ ಇಲ್ಲ."

"ಕಣ್ಣು ಚೆನ್ನಾಗಿದೆ" ಎಂದಳು ಬಾಚವ್ವ. "ಕೈ ಹೇಗಿದೆಯೋ ನೋಡೋಣ."

ಕೇತ ಹಳೆಯ ಬಟ್ಟಲಿನೊಂದಿಗೇ ಬೆಟ್ಟದ ಬುಡಕ್ಕೆ ಹೋದ. ಹುಲಿಯೂ ಜೊತೆಗೆ ಬಂತು. "ನಾನು ದೂರದಲ್ಲಿ ನಿಲ್ಲುತ್ತೇನೆ. ಕೇಳಿಸಿದರೆ ಬಾಲ ಎತ್ತುತ್ತೇನೆ" ಎಂದಿತು. ಕೇತ ನುಡಿಸಿದ. ಇಪ್ಪತ್ತು ಹೆಜ್ಜೆಯಲ್ಲಿ ಬಾಲ ಎದ್ದಿತು. ಇಪ್ಪತ್ತೊಂದರಲ್ಲಿ ಬಿದ್ದಿತು.

ಮಂಜಿನಿಂದ ಮಿಡುಕ ಹೊರಬಂದ. ಅವನ ಕಣ್ಣುಗಳು ಕೆಂಪಾಗಿ ಊದಿದ್ದವು. "ಪಾಪ, ಒಂದು ಮಂತ್ರ ಹಾಕಿಕೊಡಲೇ? ಏಳು ಬೆಟ್ಟಕ್ಕೆ ಕೇಳುತ್ತದೆ."

"ಬೇಡ" ಎಂದ ಕೇತ.

ಬಾಚವ್ವ ಮೂರು ದಿನ ಕುಳಿತು ಹೊಸ ಬಟ್ಟಲು ತಟ್ಟಿದಳು. ಅದು ಅರಳಿ ಎಲೆಯಷ್ಟು ತೆಳುವಾಗಿತ್ತು. ಹಳೆಯ ಕುದುರೆ ಮೆತ್ತಗಾಗಿತ್ತೆಂದು ಕೇತ ಗಟ್ಟಿ ಮರದಲ್ಲಿ ಹೊಸದನ್ನು ಕೆತ್ತಿದ, ಹೊಸ ತಂತಿ ಕಟ್ಟಿದ. ಆದರೆ ಬಟ್ಟಲನ್ನು ಅದರ ಗೂಡಿನಲ್ಲಿ ಕೂರಿಸುವಾಗ ಅಂಚಿನ ಸುತ್ತ ಕೂದಲೆಳೆಯಷ್ಟು ಸಂದು ಕಂಡಿತು. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತ ಬೆಳೆದ ಕೈ ಅವನದು. ಯೋಚಿಸದೆ ಜೇನುಮೇಣ ಕಾಯಿಸಿ, ಸುತ್ತಲೂ ತುಂಬಿ, ಬೆರಳಿನಿಂದ ಒತ್ತಿ ನಯ ಮಾಡಿದ.

ಬೆಟ್ಟದ ಬುಡದಲ್ಲಿ ನುಡಿಸಿದ. ಹುಲಿ ಐದು ಹೆಜ್ಜೆ ಹೋಗಿ ತಿರುಗಿ ನೋಡಿತು. "ಶುರು ಮಾಡಪ್ಪ" ಎಂದು ಪಂಜಾಡಿಸಿ ಸನ್ನೆ ಮಾಡಿತು.

"ಮಾಡಿದ್ದೇನೆ" ಎಂದ ಕೇತ. ಆ ಮಾತೂ ಅದಕ್ಕೆ ಕೇಳಿಸಲಿಲ್ಲ.

ಮಿಡುಕ ಮತ್ತೆ ಬಂದು ಅವನ ಪಕ್ಕದಲ್ಲಿ ಕುಳಿತ. ದನಿ ಮೆತ್ತಗಿತ್ತು. "ಮನೆಗೆ ಹೋಗು. ನೀನೂ ದಣಿದಿದ್ದೀಯ, ನಾನೂ ದಣಿದಿದ್ದೇನೆ. ಮಂಜು ನಿನ್ನ ನೆನಪನ್ನೂ ಕುಡಿಯಲಿ ಬಿಡು. ಹಗುರವಾಗುತ್ತದೆ."

ಕೇತನಿಗೆ ಹೂಂ ಎನ್ನಬೇಕೆನಿಸಿತು. ಅಷ್ಟು ದಣಿವು. ಆದರೆ ಮನೆಯ ಬಾಗಿಲ ಬಳಿಯ ಖಾಲಿ ಜಾಗ ಕಣ್ಣ ಮುಂದೆ ಬಂತು. ಅದನ್ನೂ ಮರೆತರೆ ತನಗೆ ಏನೂ ಉಳಿಯದು ಎನಿಸಿತು. ಅವನು ವಾದ್ಯ ಎತ್ತಿಕೊಂಡು ಬಾಚವ್ವನ ಮನೆಗೆ ನಡೆದ.

ಬಾಚವ್ವ ವಾದ್ಯ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡಳು. "ವೀಣೆಯವರ ಕೈ! ಸಂದು ಕಂಡರೆ ಸಾಕು, ಮೇಣ!"

"ಬಟ್ಟಲು ಅಲುಗೀತೆಂದು ಹೆದರಿದೆ ಅವ್ವಾ."

"ಅಲುಗದೆ ಅದು ಹಾಡುವುದು ಹೇಗೆ? ಅದನ್ನು ನೀನು ಹಿಡಿದುಕೊಳ್ಳಬೇಕಾಗಿಲ್ಲ ಮಗಾ. ತಂತಿಯ ಭಾರವೇ ಹಿಡಿದಿರುತ್ತದೆ."

ಕೇತ ಬಿದಿರಿನ ಕಡ್ಡಿಯಿಂದ ಮೇಣವನ್ನು ಚೂರುಚೂರಾಗಿ ಕೆರೆದು ತೆಗೆದ. ಒಂದಿಡೀ ಹಗಲು ಹಿಡಿಯಿತು. ಬಟ್ಟಲನ್ನು ಬರಿದೇ ಗೂಡಿನ ಮೇಲಿಟ್ಟು, ಕುದುರೆ ಇಟ್ಟು, ತಂತಿಗಳನ್ನು ನಿಧಾನವಾಗಿ ಏರಿಸಿದ.

ಮರುದಿನ ಬೆಳಿಗ್ಗೆ ಮೂರನೆಯ ಸಲ ನುಡಿಸಿದ. ಹುಲಿ ಇಪ್ಪತ್ತು ಹೆಜ್ಜೆ ನಡೆಯಿತು, ಬಾಲ ಎದ್ದಿತ್ತು. ನೂರು ಹೆಜ್ಜೆ ನಡೆಯಿತು, ಬಾಲ ಎದ್ದೇ ಇತ್ತು. ಬಾಲ ಎತ್ತಿಕೊಂಡೇ ಮಂಜಿನೊಳಗೆ ಹೋಗಿ ಮರೆಯಾಯಿತು.

ಮಿಡುಕ ಓಡಿಬಂದ. "ನಿಲ್ಲಿಸು! ಇದರಲ್ಲಿ ಮಂತ್ರವೇ ಇಲ್ಲ, ಹೇಗೆ ನುಂಗಲಿ?" ಎಂದು ಕಿವಿ ಮುಚ್ಚಿಕೊಂಡ. ಅಷ್ಟರಲ್ಲಿ ಬೆಟ್ಟದ ಒಳಗಿನಿಂದ ಹುಲಿ ಗರ್ಜಿಸಿತು. ಮಂಜು ಉದ್ದಕ್ಕೆ ಸೀಳಿತು. ಒಂದು ವರ್ಷದ ಸದ್ದೆಲ್ಲ ಹೊರಗೆ ಸುರಿಯಿತು: ಒನಕೆಯ ಪೆಟ್ಟು, ಕರುವಿನ ಕೂಗು, ಜಕ್ಕಲೇ ಜಕ್ಕಲೇ ಎಂಬ ಕೇತನದೇ ಸಾವಿರ ಕರೆಗಳು. ಮಿಡುಕ ಕುಗ್ಗಿ ಕುಗ್ಗಿ ಜೀರುಂಡೆಯಾದ, ಸದ್ದು ಮಾಡದೆ ಇರಲಾರದ ಹುಳುವಾದ.

ಬೆಟ್ಟದಿಂದ ಜನ ಇಳಿದು ಬಂದರು. ಒಬ್ಬ ಮುದುಕ ಬಂದ, ಇಬ್ಬರು ಅಕ್ಕತಂಗಿಯರು ಬಂದರು, ಸೌದೆ ಹೊತ್ತವರು ಸಾಲಾಗಿ ಬಂದರು. ಊರವರು ಓಡಿಹೋಗಿ ತಮ್ಮವರನ್ನು ತಬ್ಬಿಕೊಂಡರು. ಸಾಲು ಮುಗಿಯಿತು. ಜಕ್ಕಲೆ ಬರಲಿಲ್ಲ.

ಕೇತ ನುಡಿಸುತ್ತಲೇ ಇದ್ದ. ಬೆರಳ ತುದಿ ಒಡೆದು ತಂತಿ ಕೆಂಪಾಯಿತು. ಹೊಸ ತಂತಿಗಳು ಹಿಗ್ಗಿ ಶ್ರುತಿ ಜಾರುತ್ತಿತ್ತು. ನಿಲ್ಲಿಸಿ ಸರಿಮಾಡಲು ಅವನಿಗೆ ಭಯ. ಕಣ್ಣು ಮುಚ್ಚಿ ಅದೇ ಹಾಡನ್ನು ಮೊದಲಿನಿಂದ ಹಿಡಿದ.

"ನಿಮ್ಮ ಮೂರನೆಯ ತಂತಿ ಇಳಿದಿದೆ."

ಕೇತ ಕಣ್ಣು ತೆರೆಯಲಿಲ್ಲ. ಬೆರಳು ನಿಂತಿತು.

"ಅಷ್ಟು ಮೇಲಿಂದಲೂ ಕೇಳಿಸುತ್ತಿತ್ತು. ನಿಮಗೆ ಕೇಳಿಸುವುದಿಲ್ಲವೇ?" ಎಂದು ಜಕ್ಕಲೆ ಸೌದೆಯ ಹೊರೆ ಇಳಿಸಿ ಅವನ ಪಕ್ಕದಲ್ಲಿ ಕುಳಿತಳು.

ಆಮೇಲೆ ಚಂದನವತಿಯಲ್ಲಿ ಎಲ್ಲರೂ ಸುಖವಾಗಿ, ಸದ್ದು ಮಾಡಿಕೊಂಡು ಬಾಳಿದರು. ಆ ಮೇಕೆ ಮಾತ್ರ ಬೇರೆ ಕೆರೆಗೆ ನೀರಿಗೆ ಹೋಗತೊಡಗಿತು. ಕೇತ ತನ್ನ ಮೇಣದ ಡಬ್ಬಿಯನ್ನು ಜಕ್ಕಲೆಗೆ ಕೊಟ್ಟ. ಅವಳು ಅದರಲ್ಲಿ ಅಕ್ಕಿಯಿಂದ ಆರಿಸಿದ ಕಲ್ಲುಗಳನ್ನು ಹಾಕುತ್ತಿದ್ದಳು.