ಕೊರಳಿನ ಹಸಿರು ದೀಪ

ಹಾಸಿಗೆಯಿಂದೆದ್ದ ವಾಮನರಾವ್ ಕಟ್ಟಿಯವರು ಕನ್ನಡಿಯಲ್ಲಿ ಕೊರಳು ನೋಡಿಕೊಂಡರು. ಶಸ್ತ್ರಚಿಕಿತ್ಸೆಯ ಗೆರೆಯ ಕೆಳಗೆ, ಚರ್ಮದೊಳಗಿನಿಂದ, ಸಾಸಿವೆಯಷ್ಟು ಹಸಿರು ಬೆಳಕು ಕಾಣುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ ಗಡಿಯಾರ ನೋಡುತ್ತ ಕೂರುವ ಕಾಲ ಮುಗಿದಿತ್ತು. ಎದ್ದ ಕೂಡಲೇ ಚಹಾ ಕುಡಿದರು.

ಕ್ಯಾನ್ಸರ್ ಬಂದು ಥೈರಾಯ್ಡ್ ಗ್ರಂಥಿಯನ್ನೇ ತೆಗೆದ ಮೇಲೆ ಅವರು ಬದುಕಿದ್ದು ಗುಳಿಗೆಯ ಮೇಲೆ. ಈಗ ಆ ಕೆಲಸವನ್ನು ‘ಸಮಸ್ರಾವಿ’ ಎಂಬ ಮಣಿ ವಹಿಸಿಕೊಂಡಿತ್ತು. ಕ್ಷಣಕ್ಷಣಕ್ಕೂ ರಕ್ತವನ್ನು ಪರೀಕ್ಷಿಸಿ, ಬೇಕಾದಷ್ಟೇ ಹಾರ್ಮೋನನ್ನು ಒಸರುವ ಯಂತ್ರವದು. ಅದನ್ನು ರೂಪಿಸಿದ ಡಾ. ನಸ್ರೀನ್ ಮುಲ್ಲಾ ಬಿಡಿಸಿ ಹೇಳಿದ್ದರು:

“ಕ್ಯಾನ್ಸರ್ ಮರಳಬಾರದು ಅಂತ ಇಷ್ಟು ದಿನ ನಿಮಗ ಹಾರ್ಮೋನ್ ಒಂಚೂರು ಜಾಸ್ತೀನ ಕೊಡತಿದ್ವಿ. ಅದಕ್ಕ ಎದಿ ಹೊಡ್ಕೊಳ್ಳೋದು, ಸಿಟ್ಟು ಬರೋದು ಇರತದ. ಈಗ ಕ್ಯಾನ್ಸರ್ ಭಯ ಇಲ್ಲ, ಬೇಕಾದಷ್ಟ ಕೊಟ್ರ ಸಾಕು. ಎಲ್ಲಾ ಸಮ ಇದ್ರ ಹಸಿರು ದೀಪ, ಹೆಚ್ಚುಕಮ್ಮಿ ಆದ್ರ ಕೆಂಪು. ಬ್ಯಾಡಂದ್ರ ದೀಪ ಆರಸ್ತೀನಿ.”

“ಉರೀಲಿ ಬಿಡ್ರಿ, ನಾಕು ಮಂದಿ ನೋಡ್ಲಿ,” ಎಂದು ರಾಯರು ಗತ್ತಿನಿಂದ ಹೇಳಿದ್ದರು.

ಸಿಟ್ಟಿನ ಮಾತು ಬಂದಾಗ ಪಕ್ಕದಲ್ಲಿದ್ದ ಹೆಂಡತಿ ಕುಮುದಾ ನೆಲ ನೋಡಿದ್ದಳು. ಮನೆಯಲ್ಲಿ ತಟ್ಟೆ ಹಾರಿದಾಗಲೆಲ್ಲ, ಬಂದವರೆದುರು ಬೈಗುಳ ಬಿದ್ದಾಗಲೆಲ್ಲ, “ಗುಳಿಗಿ ಕಾಟರೀ, ಅವರದೇನಿಲ್ಲ” ಎಂದು ತೇಪೆ ಹಚ್ಚುತ್ತಿದ್ದವಳು ಅವಳೇ. ರಾಯರಂತೂ ಅದನ್ನು ಎಂದೋ ನಂಬಿಬಿಟ್ಟಿದ್ದರು. ಪುಕ್ಕಟೆ ಸಿಕ್ಕ ನೆಪವನ್ನು ಯಾರು ಬಿಡುತ್ತಾರೆ?

ಆ ಮಧ್ಯಾಹ್ನ ಕುಮುದಾಳ ಅಣ್ಣ ಗುರುನಾಥ ಊಟಕ್ಕೆ ಬಂದಿದ್ದ. ಮಣಿಯ ಬಗ್ಗೆ ಅವನು ಕೇಳಿದ ಪ್ರಶ್ನೆಗೆ ರಾಯರಿಗಿಂತ ಮೊದಲೇ ಕುಮುದಾ ಉತ್ತರಿಸಿದಳು, ಅದೂ ಸರಿಯಾಗಿ. ಅಷ್ಟೇ ಸಾಕಾಯಿತು.

“ನಿನ್ನ ಯಾರು ಕೇಳಿದ್ರು? ತಲ್ಯಾಗ ಬರೇ ಸಗಣಿ ತುಂಬೇದ, ಮಾತಿಗೇನು ಕಡಿಮಿ ಇಲ್ಲ.”

ಗುರುನಾಥನ ತುತ್ತು ಕೈಯಲ್ಲೇ ನಿಂತಿತು. ರೂಢಿಯಂತೆ ಬಾಯಿ ತೆರೆದ ಕುಮುದಾ, ಗಂಡನ ಕೊರಳು ನೋಡಿ ಸುಮ್ಮನಾದಳು. ರಾಯರ ಕಣ್ಣು ಎದುರಿನ ಕಪಾಟಿನ ಗಾಜಿಗೆ ಹೋಯಿತು. ಅಲ್ಲಿ ದೀಪ ಹಸಿರಾಗಿಯೇ ಇತ್ತು. ಈ ಸಿಟ್ಟು ಗುಳಿಗೆಯದಲ್ಲ, ತನ್ನದೇ. ನಾಚಿಕೆಯಿಂದ ಅವರ ಕಿವಿ ಸುಟ್ಟವು.

ಕುಮುದಾ ಎದ್ದು, ಗೂಟದಲ್ಲಿದ್ದ ಶಲ್ಯ ತಂದು ಗಂಡನ ಕೊರಳಿಗೆ ಸುತ್ತಿದಳು. ಹೊರಗೆ ರಣಬಿಸಿಲು.

“ಥಂಡಿ ಹತ್ತತದ ಅವರಿಗೆ. ಹೊಸಾ ಮಷೀನು, ಅಣ್ಣಾ, ಇನ್ನೂ ಹೊಂದಿಲ್ಲ. ನೀ ಮನಸಿಗೆ ಹಚ್ಕೋಬ್ಯಾಡ.”

ಅಣ್ಣ ಹೋದ ಮೇಲೆ ರಾಯರು ತಲೆ ಎತ್ತದೆ ಕೇಳಿದರು, “ನಿನಗ ಮೊದಲ ಗೊತ್ತಿತ್ತೇನು?”

“ಆಪರೇಶನ್ ಆಗೋಕಿಂತ ಮೊದಲೂ ನಿಮ್ಮ ಕೂಡನ ಸಂಸಾರ ಮಾಡೇನಲ್ರೀ,” ಎಂದು ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಶಲ್ಯದೊಳಗೆ ಕೊರಳು ಬೆವರುತ್ತಿತ್ತು. ಅದನ್ನು ತೆಗೆಯಲು ರಾಯರಿಗೆ ಧೈರ್ಯವಾಗಲಿಲ್ಲ.