ಎರಡೂ ಬಿದ್ದರೆ ಬರುತ್ತಾನೆ...

"ಇಷ್ಟು ಹತ್ರದಿಂದ್ಲೂ ತಪ್ಪೂದಾ?!"

ಆರು ತಿಂಗಳ ಹಿಂದೆ, ಹೊನ್ನಾವರದ ಬಾಸ್ಕೆಟ್‌ಬಾಲ್ ಮೈದಾನ. ಸುಚಿತಾ ಎಸೆದ ಚೆಂಡು ರಿಂಗಿಗೆ ಬಡಿದು, ಬೋಟಿನ ಎಂಜಿನ್ ರಿಪೇರಿಗೆ ಹೊರಟಿದ್ದ ಅಕ್ಷಯನ ಬೆನ್ನಿಗೇ ಬಿದ್ದಿತ್ತು. ಹಾಗೆ ಕೇಳಿದ್ದು ಅವನೇ.

"ಫ್ರೀ ಥ್ರೋ ಮಾರಾಯ್ತಿ! ಯಾರೂ ಅಡ್ಡ ಬರೂದಿಲ್ಲ. ಅಲ್ಲಿ ತಪ್ಪಿಸೂದು ನಮ್ಮ ಹೆದರಿಕೆ ಮಾತ್ರ," ಎಂದು ನಕ್ಕಿದ್ದ. ಆ ನಗುವಿಗೇ ಅವಳು ಸೋತದ್ದು!

ಇವತ್ತು ಕುಮಟಾದಲ್ಲಿ ಫೈನಲ್. ಸ್ಕೋರ್ ಸಮ, ಸಮಯ ಮುಗಿದಿದೆ. ಕೊನೇ ಗಳಿಗೆಯ ಫೌಲಿಗೆ ಸುಚಿತಾಳಿಗೆ ಎರಡು ಫ್ರೀ ಥ್ರೋ. ಉಳಿದವರೆಲ್ಲ ಹಿಂದೆ ಸರಿದರು. ಗೆರೆಯ ಮೇಲೆ ಅವಳೊಬ್ಬಳೇ.

ಪಡುವಣ ಬಾನು ಕಪ್ಪಿಟ್ಟಿತ್ತು. ಅಂಕಣದ ಅಂಚಿನಲ್ಲಿ ಅವ್ವ ಕಮಲಿ ಫೋನನ್ನು ಕಿವಿಯಿಂದ ಇಳಿಸಿ ತಲೆಯಾಡಿಸಿದಳು. ಬೆಳಿಗ್ಗೆ ಎಂಜಿನ್ ನೋಡಿಕೊಳ್ಳಲು ಅಕ್ಷಯ ಹತ್ತಿದ ಬೋಟಿನ ಸುಳಿವೇ ಇಲ್ಲ!

ನಿನ್ನೆ ಅವನು ಕೇಳಿದ್ದ, "ನನ್ನ ಮದ್ವೆ ಆಗ್ತ್ಯಾ? ಬೆಳಿಗ್ಗೆ ಬೋಟು ಹೊರಡೂ ಧಕ್ಕೆಗೆ ಬಾ. ಒಪ್ಪಿಗೆ ಇದ್ರೆ ಒಂದ್ಸಲ ಹೆಸರು ಹಿಡಿದು ಕರೆ. ಬೋಟು ಹತ್ತದೇ ಮ್ಯಾಚಿಗೇ ಬತ್ತೆ!"

ಇವತ್ತು ಬೆಳಿಗ್ಗೆ ಅವಳು ಧಕ್ಕೆಗೆ ಬಂದದ್ದನ್ನು ಕಂಡು, ಕರೆಯಲಿ ಎಂದೇ ಅವನು ಬೆನ್ನು ತಿರುಗಿಸಿ ನಿಂತ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು... ಮೀನುಗಾರರ ಮನೆಯಲ್ಲಿ ಹುಟ್ಟಿದವಳು ಬಾಯಿಗೆ ಕೈ ಒತ್ತಿ ನಿಂತುಬಿಟ್ಟಳು. ಗೇರುಸೊಪ್ಪದ ತೋಟದ ಮನೆಯವನಿಗೆ ಅದೆಲ್ಲ ಎಲ್ಲಿಂದ ಗೊತ್ತು? ಕಾದು ಕಾದು, ತಲೆ ತಗ್ಗಿಸಿ ಬೋಟು ಹತ್ತಿದ.

'ಎರಡೂ ಬಿದ್ದರೆ ಅವನು ಬರುತ್ತಾನೆ...' ಮನಸ್ಸಿನಲ್ಲೇ ಪಣ ಕಟ್ಟಿ ಎಸೆದಳು.

ಠಣ್! ಚೆಂಡು ಹೊರಬಿತ್ತು.

'ಅಯ್ಯೋ! ಎಂತ ಮಾಡ್ಕಂಡೆ ನಾನು?!'

ಗಾಳಿಗೆ ಶಾಮಿಯಾನ ಪಟಪಟ ಬಡಿಯುತ್ತಿತ್ತು. ರೆಫರಿ ಮತ್ತೆ ಚೆಂಡು ಕೊಟ್ಟ. ಎಸೆಯಲು ಐದೇ ಸೆಕೆಂಡು. ತಪ್ಪಿಸೂದು ಹೆದರಿಕೆ ಮಾತ್ರ... ಬೆಳಿಗ್ಗೆ ಬಾಯಿ ಕಟ್ಟಿದ್ದೂ ಅದೇ ಅಲ್ಲವೇ?

ಎಸೆದಳು. ಬಿತ್ತು!

ಗೆಳತಿಯರು ಕುಣಿದರು. ಸುಚಿತಾ ಮಾತ್ರ ಕುಸಿದು ಕುಳಿತು ಬಿಕ್ಕಿದಳು. ಕಪ್ ಯಾರಿಗೆ ಬೇಕಿತ್ತು? ಬಿದ್ದದ್ದು ಒಂದೇ!

"ಸುಚಿತಾ..."

ಹಿಂದಿನಿಂದ ಬಂತು ದನಿ. ತಿರುಗಿದಳು. ಅಕ್ಷಯ! ಮೈಯೆಲ್ಲ ಒದ್ದೆ, ಕೈಗೆ ಸುತ್ತಿದ ಬಟ್ಟೆಯಲ್ಲಿ ರಕ್ತ.

"ಬೋಟು ಮುಳುಗಿ ಹೋತು. ಇಲ್ಲಿಯವ್ರೇ ನಮ್ಮನ್ನೆಲ್ಲ ಎತ್ತಿ ತಂದ್ರು," ಅವನೆಂದ. "ಬೆಳಿಗ್ಗೆ ಎಂತಕ್ಕೆ ಕರದ್ದಿಲ್ಲೆ?"

"ಹುಚ್ಚಾ! ಕಡಲಿಗೆ ಹೋಗೋರನ್ನ ಹಿಂದಿಂದ ಕರೆದ್ರೆ ವಾಪಸ್ ಬರೂದಿಲ್ಲ ಅಂತಾರೆ. ನೀ ನಂಗೆ ಬೇಕು ಅಂತ್ಲೇ ಕರೀಲಿಲ್ಲ!"

ಅವನ ಕಣ್ಣು ತುಂಬಿತು. "ಈಗ ಎದುರಿಗೇ ಇದ್ದೇನಲ್ಲ?"

"ಅಕ್ಷಯ... ಅಕ್ಷಯ!"

"ಒಂದ್ಸಲ ಸಾಕಿತ್ತು ಮಾರಾಯ್ತಿ."

"ಒಂದು ತಪ್ಪಿದ್ರೆ... ಇನ್ನೊಂದಿರ್ಲಿ ಅಂತ!"