ತೊಟ್ಟಿಗೆ ಬಿಟ್ಟ ಹಗ್ಗ

ಉಣ್ಣೆ ಹೊತ್ತು ಫ್ಲಾಂಡರ್ಸಿನ ನಮ್ಮ ಬಂದರಿಗೆ ಬರುವ ದೋಣಿ ಮೊದಲು ಎರಡೂ ತುದಿಗೆ ಬಾಗಿಲಿರುವ ಕಾಲುವೆಯ ತೊಟ್ಟಿಯೊಳಗೆ ನಿಲ್ಲಬೇಕು. ಹಿಂದಿನ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ. ಆಮೇಲೆ ಬಂದರಿನ ಕಡೆಯ ಬಾಗಿಲು ತೆಗೆಯುತ್ತೇವೆ. ಅಲ್ಲಿಯವರೆಗೆ ದೋಣಿಯವನು ಹಿಡಿದ ಹಗ್ಗದ ಇನ್ನೊಂದು ತುದಿ ಮೇಲೆ ದಂಡೆಯಲ್ಲಿ ನಿಂತ ನನ್ನ ಕೈಯಲ್ಲಿರುತ್ತದೆ. ದೋಣಿ ಏರಿದಂತೆ ಹಗ್ಗ ಸಡಿಲವಾಗುತ್ತದೆ, ನಾನು ಸುತ್ತಿಕೊಳ್ಳುತ್ತೇನೆ.

ಆ ಬೆಳಿಗ್ಗೆ ದಟ್ಟ ಮಂಜು. ತೊಟ್ಟಿಯ ಕೆಳಗಿನಿಂದ "ಹಗ್ಗ!" ಎಂದು ಯಾರೋ ಕೂಗಿದರು. ಬಂದರಿನ ಬಾಗಿಲು ಕಾಯುವ ಲೀವನ್ ಬೆಚ್ಚಿದ.

"ಅಕ್ಕಾ, ನಮ್ಮಣ್ಣನ ದನಿ! ಬಿರುಗಾಳೀಲಿ ಮುಳುಗಿ ಹೋದ ಅಂದ್ರಲ್ಲ, ಅವ್ರ ಬಾಯಿಗೆ ಮಣ್ಣು ಬೀಳ!"

"ಕುಣೀಬೇಡ, ಮೊದ್ಲು ನೀರು ಬಿಡು."

ದೋಣಿ ಕಾಣದೆ ನಾವು ಹಗ್ಗ ಇಳಿಸುವುದಿಲ್ಲ. ಆದರೆ ಲೀವನ್‌ನ ಮುಖ ನೋಡಿ ಇಳಿಸಿಬಿಟ್ಟೆ. ಯಾರೋ ಹಿಡಿದರು.

ನೀರು ಏರಿತು. ಹಗ್ಗ ಸಡಿಲವಾಗಲಿಲ್ಲ, ನೀರು ಏರಿದಷ್ಟೂ ಕೆಳಕ್ಕೆ ಎಳೆಯಿತು. ಬಿಡುತ್ತಲೇ ಹೋದೆ. ದೋಣಿ ಕಲ್ಲಿಗೆ ಉಜ್ಜುವ ಸದ್ದೇ ಇರಲಿಲ್ಲ. ನಡುಬೇಸಿಗೆಯಲ್ಲೂ ನನ್ನ ಬೆರಳುಗಳು ಚಳಿಗೆ ಮರಗಟ್ಟಿದವು.

"ಲೀವನ್, ಬಾಗ್ಲು ತೆಗೀಬೇಡ ಕಣೋ!"

ಅವನಾಗಲೇ ತೆಗೆದಿದ್ದ. "ಅಗೋ, ದೋಣಿ ದಾಟ್ತು! ನನ್ನ ನೋಡಿ ಕೈ ಬೀಸ್ದ ಅಕ್ಕಾ!" ಎನ್ನುತ್ತ ಬಂದರಿನತ್ತ ಓಡಿದ.

ಹಗ್ಗ ಮಾತ್ರ ನನ್ನ ಕೈಯಿಂದ ನೆಟ್ಟಗೆ ತೊಟ್ಟಿಯ ತಳಕ್ಕೆ ಇಳಿದು ಬಿಗಿಯಾಗಿಯೇ ಇತ್ತು.

ಅದನ್ನು ಕಲ್ಲಿನ ಗೂಟಕ್ಕೆ ಕಟ್ಟಿ ನಾನೂ ಓಡಿದೆ. ಬಂದರಿಗೆ ದೋಣಿ ಬಂದಿರಲಿಲ್ಲ. ಲೀವನ್‌ನನ್ನೂ ಯಾರೂ ಕಂಡಿರಲಿಲ್ಲ.

ಮರಳಿ ಬಂದಾಗ ಮಂಜು ಕರಗಿತ್ತು. ಗೂಟದಿಂದ ನೀರಿಗೆ ಎರಡು ಹಗ್ಗ ಇಳಿದಿದ್ದವು, ಎರಡೂ ಬಿಗಿಯಾಗಿ. ನಾನು ಕಟ್ಟಿದ್ದು ಒಂದೇ.